ನೀರಿನ ಪೈಪಿಗೆ ಹೊಲಿದ ಅಂಗಿ

ದಸರೆ ಮುಗಿದ ಮರುವಾರ ಬೆಳಿಗ್ಗೆ, ಹಾನಗಲ್ಲಿನ ಬಸ್ಸಿಳಿದ ಒಬ್ಬ ಹೆಣ್ಣುಮಗಳು ಸವಣೂರಿನ ನಮ್ಮ ಗಾದಿ ಅಂಗಡಿಯ ಮೆಟ್ಟಿಲು ಹತ್ತಿದರು. ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಳೆ, ಕೈಯಲ್ಲಿ ಬಟ್ಟೆಯ ಚೀಲ. ಹೊಲಿಗೆ ಯಂತ್ರದಿಂದ ತಲೆಯೆತ್ತಿ ನೋಡಿದವಳು ತಟ್ಟನೆ ಎದ್ದು ನಿಂತೆ. ಏಳನೇ ತರಗತಿಯಲ್ಲಿ ನನಗೆ ಗಣಿತ ಕಲಿಸಿದ ಅಕ್ಕೋರು ಅವರು. ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಆಗ ಅವರು ದಿನಾ ಹಾನಗಲ್ಲಿನಿಂದ ಬಂದು ಹೋಗುತ್ತಿದ್ದರು. ನಿವೃತ್ತರಾಗಿ ಎರಡು ವರ್ಷವಾಗಿದೆ ಎಂದು ಕೇಳಿದ್ದೆ.

ಗಣಿತ ನನಗೆ ಒಲಿಯಲೇ ಇಲ್ಲ. ಅಕ್ಕೋರು ಹೊಡೆಯುವವರಲ್ಲ, ಬಯ್ಯುವವರೂ ಅಲ್ಲ. ತಪ್ಪಿದ ಲೆಕ್ಕದ ಪಕ್ಕ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಹಿ ವಾಪಸು ಕೊಡುತ್ತಿದ್ದರು. ಅದನ್ನು ಕಂಡ ಕೂಡಲೇ ನಾನು ವಹಿ ಮುಚ್ಚಿಬಿಡುತ್ತಿದ್ದೆ. ನಲವತ್ತು ದಾಟಿದ ಮೇಲೂ ಅವರನ್ನು ಕಂಡು ಯಂತ್ರದ ಪಕ್ಕದಲ್ಲಿದ್ದ ಅಂಗಡಿಯ ಲೆಕ್ಕದ ವಹಿ ಮುಚ್ಚಿದೆ.

"ಕುಂತ್ರಿ ಅಕ್ಕೋರ," ಎಂದು ಕುರ್ಚಿಯ ಮೇಲಿನ ಹತ್ತಿಯ ಎಳೆ ಕೊಡವಿದೆ.

"ಒಂದು ಗಾದಿ ಹೊಲಿಸಬೇಕಾಗಿತ್ತವಾ."

"ಮಂಚದ್ದೇನ್ರಿ? ಎಷ್ಟು ಅಗಲ?"

"ಅಗಲ ಒಂದು ಗೇಣು. ಉದ್ದ ನಲವತ್ತೆರಡು ಫೂಟು."

ಒಳಗೆ ಹತ್ತಿ ಬಿಡಿಸುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಅಂಥಾದ್ರ ಮ್ಯಾಲ ಯಾರು ಮಲಗತಾರ್ರಿ? ಹಾವೇನು?"

"ಹಾವಲ್ಲರಿ, ಪೈಪು," ಎಂದು ಅಕ್ಕೋರು ನಗುತ್ತ ಹಾಳೆ ಬಿಚ್ಚಿದರು.

ಅವರು ಹೇಳಿದ್ದು ಇಷ್ಟು. ಅವರ ಮಗಳು ಡಾಕ್ಟರು. ಹಿಮಾಚಲದ ಎತ್ತರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ಕಳೆದ ಚಳಿಗಾಲ ಅಕ್ಕೋರು ಒಂದು ತಿಂಗಳು ಹೋಗಿ ಇದ್ದು ಬಂದಿದ್ದರು. ಅವರು ಹೋದ ಒಂದೇ ವಾರದಲ್ಲಿ ಮನೆಯ ಪೈಪಿನೊಳಗೆ ನೀರು ಗಟ್ಟಿಯಾಯಿತು. ಬೆಳಿಗ್ಗೆ ನಳ ತಿರುವಿದರೆ ಗಾಳಿಯೂ ಬರುವುದಿಲ್ಲ. ಕೆಲವು ದಿನ ಬಿಸಿಲು ಬಿದ್ದ ಮೇಲೆ ಒಳಗಿನ ಮಂಜುಗಡ್ಡೆ ಕರಗಿತು, ಕರಗಿದಾಗ ಗೊತ್ತಾಯಿತು ಪೈಪು ಸೀಳಿದೆ ಎಂದು. ಗೋಡೆಯಿಂದ ನೀರು ಇಳಿದು ಹಾಸಿಗೆಯೆಲ್ಲ ತೊಯ್ದಿತು. ದಿನವಿಡೀ ರೋಗಿಗಳನ್ನು ನೋಡಿ ಬಂದ ಮಗಳು ಮಂಜು ಕಟ್ಟಿದ ಮೆಟ್ಟಿಲ ಮೇಲೆ ಕೊಡ ಹೊತ್ತು ಏರುವುದನ್ನು ಅಕ್ಕೋರು ಕಿಟಕಿಯಿಂದ ನೋಡುತ್ತಿದ್ದರಂತೆ. ಮನೆಯೊಡತಿ ಪೈಪಿಗೆ ಗೋಣಿಚೀಲ ಸುತ್ತಿದ್ದಳು. ಗೋಣಿ ತೊಯ್ದು ಅದೇ ಹಲಗೆಯಂತಾಗಿತ್ತು.

"ಪೈಪಿಗೆ ಹಾಕೂದು ಅಲ್ಲೇ ಸಿಗೂದಿಲ್ಲೇನ್ರಿ?" ಎಂದು ಕೇಳಿದೆ.

"ರಬ್ಬರಿನ ಕೊಳವಿ ಸಿಗತಾವ. ತಂದು ಹಾಕಿದ್ದೆವು. ಬಿಸಿಲಿಗೆ ಬಿರಿದು ಗಾಳಿಗೆ ಹಾರಿಹೋದವು. ಮತ್ತ ಪೈಪು ತಿರುಗೂ ಮೊಣಕೈ ಇರೂ ಕಡೆ ಅವು ಸರಿಯಾಗಿ ಕೂಡೂದ ಇಲ್ಲ. ಅಲ್ಲೇ ಬಾಯಿ ಬಿಡತಾವ, ಅಲ್ಲೇ ನೀರು ಗಟ್ಟಿ ಆಗತದ. ಮೈ ಅಳತಿಗೆ ಅಂಗಿ ಹೊಲಿದಂಗ ಯಾರರ ಹೊಲಕೊಟ್ಟರ ಆದೀತು ಅಂತ ವರ್ಷಪೂರ್ತಿ ವಿಚಾರ ಮಾಡಿದೆ. ನೀ ನೆನಪಾದಿ."

ಹಾಳೆಯ ಮೇಲೆ ಮನೆಯ ಹೊರಗೋಡೆ, ನೀರಿನ ಟಾಕಿ, ಪೈಪಿನ ಹಾದಿ ಎಲ್ಲವನ್ನೂ ಪಟ್ಟಿ ಹಿಡಿದು ಗೀಚಿದ್ದರು. ಪೈಪು ತಿರುಗುವ ಒಂದೊಂದು ಮೊಣಕೈಗೂ ಕೆಂಪು ಸೀಸದಕಡ್ಡಿಯಲ್ಲಿ ಅಂಕಿ. ಒಟ್ಟು ಏಳು. ಒಂದು ಗೆರೆಯೂ ಸೊಟ್ಟಗಿರಲಿಲ್ಲ.

ನಮ್ಮದು ಹತ್ತಿ ಹಿಂಜುವ ಮನೆತನ. ಅಪ್ಪ ಇರುವವರೆಗೂ ಬಿಲ್ಲು ಹೂಡಿ ಹಿಂಜುತ್ತಿದ್ದ, ಈಗ ಯಂತ್ರವಿದೆ. ನನ್ನ ಗಂಡ ಬಂಕಾಪುರದ ಕಡೆ ಹೊಲ ನೋಡಿಕೊಳ್ಳುತ್ತಾನೆ, ಅಂಗಡಿ ಅವ್ವನದು ಮತ್ತು ನನ್ನದು. ಮದುವೆಯ ಗಾದಿ, ತೊಟ್ಟಿಲ ಗಾದಿ, ಎತ್ತಿನ ಬಂಡಿಯ ಗಾದಿ, ಒಮ್ಮೆ ಒಬ್ಬರ ಮುದಿ ನಾಯಿಗೂ ಗಾದಿ ಹೊಲಿದದ್ದುಂಟು. ಪೈಪಿಗೆ ಮಾತ್ರ ಯಾರೂ ಕೇಳಿರಲಿಲ್ಲ. ಅವ್ವ ಹಾಳೆಯನ್ನು ತಲೆಕೆಳಗೆ ಮಾಡಿ ನೋಡಿದಳು, ಮತ್ತೆ ಸರಿ ಮಾಡಿ ನೋಡಿದಳು. "ಹೊಲಿತೇವ್ರಿ," ಎಂದಳು.

ಅಕ್ಕೋರು ಹೋದ ಮೇಲೆ ನನಗೆ ದಿಗಿಲು ಹತ್ತಿತು. ನಮ್ಮಲ್ಲಿ ಚಳಿಯೆಂದರೆ ಬೆಳಗಿನ ಹೊತ್ತು ಒಲೆ ಮುಂದೆ ಎರಡು ನಿಮಿಷ ಹೆಚ್ಚು ಕೂರುವುದು, ತಲೆಗೆ ಮಫ್ಲರ್ ಸುತ್ತಿಕೊಳ್ಳುವುದು. ನೀರು ಗಟ್ಟಿಯಾಗುವಷ್ಟು ಚಳಿಯನ್ನು ಹತ್ತಿ ತಡೆಯುತ್ತದೋ ಇಲ್ಲವೋ ತಿಳಿಯುವುದು ಹೇಗೆ? ನಾನು ನೀರು ಗಟ್ಟಿಯಾಗಿದ್ದು ನೋಡಿದ್ದು ಫ್ರಿಜ್ಜಿನಲ್ಲಿ ಮತ್ತು ಕುಲ್ಫಿ ಚಾಚಾನ ಪೀಪಾಯಿಯಲ್ಲಿ.

ಕುಲ್ಫಿ ಚಾಚಾ ನಮ್ಮ ಓಣಿಯವನೇ. ಬೇಸಿಗೆಯಲ್ಲಿ ಗಾಡಿಯ ಮೇಲೆ ಕುಲ್ಫಿ, ಚಳಿಗಾಲದಲ್ಲಿ ಅದೇ ಗಾಡಿಯ ಮೇಲೆ ಹುರಿದ ಶೇಂಗಾ. ದಸರೆಯ ಹೊತ್ತಿಗೆ ಪೀಪಾಯಿಯನ್ನು ಬೋರಲು ಹಾಕಿ ಇಟ್ಟುಬಿಡುತ್ತಾನೆ. ನಾನು ಹೋಗಿ ವಿಷಯ ಹೇಳಿದಾಗ ಶೇಂಗಾ ಹುರಿಯುವುದನ್ನು ಬಿಟ್ಟು ಪೂರ್ತಿ ಕೇಳಿದ.

"ಅಂದ್ರ ನಿನಗ ಹಿಮಾಚಲ ಬೇಕು. ಇಲ್ಲೇ ಸವಣೂರಾಗ."

"ಹೌದು ಚಾಚಾ. ಒಂದ ದಿನಕ್ಕ ಸಾಕು."

"ಕೊಡ್ತೇನಿ ತಗೋ. ನಾಳೆ ಶಿಗ್ಗಾವಿಗೆ ಹೋಗೂದೈತಿ, ಬರ್ಫ ತರ್ತೇನಿ."

ಮರುದಿನ ಬೆಳಿಗ್ಗೆ ಶಿಗ್ಗಾವಿಯ ಬರ್ಫದ ಕಾರ್ಖಾನೆಯಿಂದ ಎರಡು ದೊಡ್ಡ ಗಡ್ಡೆಗಳನ್ನು ಭತ್ತದ ಹೊಟ್ಟಿನಲ್ಲಿ ಹೂತು, ಗೋಣಿ ಸುತ್ತಿ ಟಂಟಂ ಆಟೋದಲ್ಲಿ ತಂದ. ನಮ್ಮ ಹಿತ್ತಲಲ್ಲಿ ಪೀಪಾಯಿ ನಿಂತಿತು. ಗೋಣಿ ಬಿಚ್ಚುವಾಗ ನನಗೊಂದು ಸಂಶಯ ಬಂತು. ಗೋಣಿ ಸುತ್ತಿದ್ದು ಬರ್ಫ ಕರಗಬಾರದೆಂದು. ನಾವು ಪೈಪಿಗೆ ಸುತ್ತುವುದು ನೀರು ಬರ್ಫವಾಗಬಾರದೆಂದು. ಒಂದೇ ಬಟ್ಟೆ ಎರಡು ಕೆಲಸ ಹೇಗೆ ಮಾಡೀತು ಎಂದು ಕೇಳಿದೆ.

"ಒಳಗ ಏನೈತಿ ಅಂತ ಗೋಣಿಗೇನು ಗೊತ್ತು?" ಎಂದ ಚಾಚಾ. "ಒಳಗಿಂದು ಒಳಗ, ಹೊರಗಿಂದು ಹೊರಗ. ಅದಕ್ಕ ಅಷ್ಟ ಗೊತ್ತು."

ಅಂಗಡಿಯಿಂದ ಪ್ಲಾಸ್ಟಿಕ್ ಪೈಪಿನ ಮೂರು ತುಂಡು ಕೊಯ್ಯಿಸಿ ತಂದಿದ್ದೆ, ಒಂದೊಂದೂ ಒಂದು ಮೊಳ. ಎರಡರಲ್ಲಿ ನೀರು ತುಂಬಿ ಎರಡೂ ತುದಿಗೆ ಬಿರಡೆ ಬಿಗಿದೆ. ಒಂದು ಹಾಗೇ ಬರಿಮೈಯದು. ಇನ್ನೊಂದಕ್ಕೆ ಹಿಂದಿನ ದಿನ ಹೊಲಿದ ಹತ್ತಿಯ ಅಂಗಿ, ಬೆರಳು ದಪ್ಪ ಹತ್ತಿ ತುಂಬಿ ಅಡ್ಡಕ್ಕೆ ಟಾಕು ಹೊಲಿಗೆ ಹಾಕಿದ್ದು. ನೋಡಲು ಚೆಂದವಿತ್ತು. ಚಾಚಾ ಬರ್ಫ ಒಡೆದು ಕಲ್ಲುಪ್ಪು ಬೆರೆಸಿ ಎರಡನ್ನೂ ಪೀಪಾಯಿಯಲ್ಲಿ ಹೂತು ಮೇಲೆ ಗೋಣಿ ಮುಚ್ಚಿದ. ಅವ್ವ ಪಡಸಾಲೆಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ನಾವು ಚಹಾ ಕುಡಿದೆವು. ಎರಡನೇ ಚಹಾ ಮುಗಿಯುವಷ್ಟರಲ್ಲಿ ಪೀಪಾಯಿಯೊಳಗಿಂದ ಟಿಕ್ ಎಂಬ ಸದ್ದು ಬಂತು.

ತೆಗೆದು ನೋಡಿದರೆ ಬರಿಮೈಯ ಪೈಪು ಉದ್ದಕ್ಕೆ ಸೀಳಿತ್ತು. ಸೀಳಿನೊಳಗೆ ಬರ್ಫ ಕುಲ್ಫಿಯ ಹಾಗೆ ಬೆಳ್ಳಗೆ ಕಾಣುತ್ತಿತ್ತು. ನನಗೆ ಅಷ್ಟು ಹೊತ್ತು ನಂಬಿಕೆಯೇ ಇರಲಿಲ್ಲ, ನೀರಿಗೆ ಪೈಪು ಸೀಳುವ ಶಕ್ತಿ ಇದೆಯೆಂದು. ಇನ್ನೊಂದನ್ನು ಎಳೆದರೆ ಕಲ್ಲಿನಷ್ಟು ಭಾರ. ಕರಗಿದ ಉಪ್ಪುನೀರನ್ನು ಹತ್ತಿ ಪೂರಾ ಕುಡಿದು ಜೋತುಬಿದ್ದಿತ್ತು. ಅಂಗಿ ಬಿಚ್ಚಿ ಅಲುಗಾಡಿಸಿದೆ. ಒಳಗೆ ನೀರಿನ ಸದ್ದಿಲ್ಲ. ಅದೂ ಗಟ್ಟಿ.

ತಲೆತಲಾಂತರದಿಂದ ನಮಗೆ ಅನ್ನ ಹಾಕಿದ ಹತ್ತಿ ಅದು, ಹಿತ್ತಲಲ್ಲಿ ನನ್ನ ಕಣ್ಣೆದುರೇ ಸೋತಿತ್ತು.

ಅವ್ವನಿಗೆ ಬೇಸರವೇನೂ ಇದ್ದ ಹಾಗೆ ಕಾಣಲಿಲ್ಲ. "ಕುರುಬರು ಮಳ್ಯಾಗ ಕಂಬಳಿ ಹೊದ್ದು ನಿಲ್ಲತಾರ," ಎಂದಳು. "ಗಾದಿ ಹೊದ್ದು ಯಾರರ ನಿಂತದ್ದು ನೋಡೀಯೇನು?"

ಅಪ್ಪನ ಹಳೆಯ ಕಂಬಳಿಯೊಂದು ಅಟ್ಟದ ಮೇಲಿತ್ತು. ಅವ್ವ ತಾನೇ ಹೋಗಿ ತಂದು ಒಂದು ಮೂಲೆ ಕತ್ತರಿಸಿದಳು. ಮೂರನೇ ಪೈಪಿಗೂ ನೀರು ತುಂಬಿ, ಅದಕ್ಕೆ ಆ ತುಂಡನ್ನು ಎರಡು ಸುತ್ತು ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಮತ್ತೆ ಹೂತೆವು. ಈ ಸಲ ಎರಡು ಚಹಾ ಆದರೂ, ಊಟವಾದರೂ, ತೆಗೆದು ಅಲುಗಿಸಿದರೆ ಒಳಗೆ ಗುಳುಗುಳು ಅನ್ನುತ್ತಿತ್ತು. ನಾನು ಗೆದ್ದೆವೆಂದೇ ತಿಳಿದೆ. ಸಂಜೆಯ ನಮಾಜು ಮುಗಿಸಿ ಬಂದ ಚಾಚಾ ಕೊನೆಯದಾಗಿ ಎತ್ತಿ ಕಿವಿಗೆ ಹಿಡಿದ.

"ಇದೂ ಗಟ್ಟಿ ಆತು."

"ಮತ್ತ ಕಂಬಳಿ ಸುತ್ತಿ ಏನು ಬಂತು?"

"ತಡ ಆತಲ್ಲ. ಕಂಬಳಿ ಏನು ಒಲಿಯೇನು, ಬಿಸಿ ಹುಟ್ಟಿಸಾಕ? ತಡ ಮಾಡತೈತಿ. ಅಷ್ಟ ಅದರ ಕೆಲಸ." ಪೀಪಾಯಿಯ ಅಂಚಿಗೆ ಒರಗಿ ಸ್ವಲ್ಪ ಹೊತ್ತು ಸೀಳಿದ ಪೈಪನ್ನೇ ತಿರುಗಿಸಿ ನೋಡಿದ. "ನಾ ಕುಲ್ಫಿ ಅಚ್ಚಿಗೆ ಹಾಲು ತುಂಬ ತುಂಬೂದಿಲ್ಲ. ಮ್ಯಾಲ ಎರಡು ಬಟ್ಟಿನಷ್ಟು ಖಾಲಿ ಬಿಡತೇನಿ. ಬಿಡದಿದ್ರ ಮುಚ್ಚಳ ಎಗರತೈತಿ. ಗಟ್ಟಿ ಆದಾಗ ಅದಕ್ಕ ಜಾಗ ಬೇಕು. ಖಾಲಿ ಅಚ್ಚು ಯಾವತ್ತರ ಒಡದದ್ದೈತೇನು? ಸಂಜಿಮುಂದ ಪೈಪಿನ ನೀರೆಲ್ಲ ಇಳಿಸಿಬಿಡು ಅಂತ ಹೇಳು ಆ ಡಾಕ್ಟರಿಗೆ."

ಪೈಪು ಖಾಲಿ ಮಾಡಿದರೆ ಒಡೆಯುವುದಿಲ್ಲ. ಖಾಲಿ ಪೈಪಿಗೆ ಅಂಗಿ ಯಾಕೆ? ಅಕ್ಕೋರು ಅಷ್ಟು ಆಸೆಯಿಂದ ನಕಾಶೆ ಹಿಡಿದು ಬಂದಿದ್ದರು. ಸುಮ್ಮನೆ ಹೊಲಿದು ಕೊಟ್ಟುಬಿಡಬಹುದಿತ್ತು. ಆದರೆ ಅವರ ಮಗಳು ಮತ್ತೆ ಕೊಡ ಹೊರುವಂತಾದರೆ? ಮರುದಿನ ಸೀಳಿದ ಪೈಪನ್ನು ಪೇಪರಿನಲ್ಲಿ ಸುತ್ತಿಕೊಂಡು ಹಾನಗಲ್ಲಿನ ಬಸ್ಸು ಹತ್ತಿದೆ.

ಅಕ್ಕೋರ ಮನೆ ತುಂಬಿದ ಮನೆ. ಅವರ ಯಜಮಾನರು, ಮೈದುನನ ಸಂಸಾರ, ಒಳಗೆ ಯಾರೋ ಹಾಡಿನ ಪಾಠ ಹೇಳಿಕೊಡುತ್ತಿದ್ದರು. ಅಕ್ಕೋರು ನನ್ನನ್ನು ಅಡಿಗೆಮನೆಯ ಬಾಗಿಲ ಪಕ್ಕದ ಮೇಜಿಗೆ ಕೂಡಿಸಿ ಹಚ್ಚಿದ ಅವಲಕ್ಕಿ ಕೊಟ್ಟರು. ನಾನು ತಿನ್ನುವ ಮೊದಲೇ ಎಲ್ಲ ಹೇಳಿ ಮುಗಿಸಿದೆ. ಹತ್ತಿ ಸೋತದ್ದು, ಕಂಬಳಿ ತಡ ಮಾಡಿದ್ದು, ಚಾಚಾ ಹೇಳಿದ್ದು. ಅವರು ಸೀಳಿದ ಪೈಪಿನ ಮೇಲೆ ಬೆರಳಾಡಿಸಿದರು. ನಾನು ಪ್ರಶ್ನಾರ್ಥಕ ಚಿಹ್ನೆಗೆ ಕಾಯುವವಳ ಹಾಗೆ ಕಾದೆ.

"ಪ್ರಯೋಗ ಮಾಡಿ ನೋಡೀದಿ," ಎಂದರು. "ನಾ ಬರೇ ಗೆರಿ ಎಳದು ಬಂದಿದ್ದೆ."

ನಕಾಶೆ ಬಿಚ್ಚಿ ಮಗಳಿಗೆ ಫೋನು ಹಚ್ಚಿದರು. ಮಗಳು ಅಲ್ಲಿಂದ ಒಂದೊಂದಾಗಿ ಹೇಳುತ್ತ ಹೋದಳು. ಮನೆಯ ಒಳಗಿನ ಮತ್ತು ಹಿಂಗೋಡೆಯ ಪೈಪನ್ನು ಖಾಲಿ ಮಾಡಬಹುದು, ಎಲ್ಲಕ್ಕಿಂತ ಕೆಳಗಿನ ತುದಿಗೆ ಒಂದು ವಾಲ್ವು ಹಾಕಿಸಿದರೆ ಸಾಕು. ಆದರೆ ರಸ್ತೆಯಿಂದ ಮನೆಯ ವಾಲ್ವಿನವರೆಗೆ, ಮತ್ತು ಟಾಕಿಯ ಕೆಳಗಿನ ತುಂಡು, ಇವನ್ನು ಖಾಲಿ ಮಾಡಲು ಬರುವುದಿಲ್ಲ. ಅಲ್ಲಿ ನೀರು ಇದ್ದೇ ಇರುತ್ತದೆ. ಅಂಗಿ ಬೇಕಾದದ್ದು ಅಲ್ಲಿ. ಅಕ್ಕೋರು ಕೆಂಪು ಸೀಸ ತೆಗೆದು ಗುರುತು ಹಾಕಿದರು. ನಲವತ್ತೆರಡು ಫೂಟು ಇಪ್ಪತ್ತಾರಕ್ಕೆ ಇಳಿಯಿತು, ಏಳು ಮೊಣಕೈಗಳಲ್ಲಿ ಐದು ಉಳಿದವು.

"ಭಾಳ ಚಳಿ ಇರೂ ದಿವಸ ನಳಾ ಸ್ವಲ್ಪ ಬಿಟ್ಟ ಮಲಗಬೇಕಂತಮ್ಮ," ಎಂದಳು ಮಗಳು. "ದಾರದ ಎಳಿಯಷ್ಟು. ಹರಿಯೂ ನೀರು ಲಗೂ ಗಟ್ಟಿ ಆಗೂದಿಲ್ಲ."

"ನಳಾ ಬಿಟ್ಟು ಮಲಗೂದ?" ಅಕ್ಕೋರು ನನ್ನ ಮುಖ ನೋಡಿದರು. "ನಮ್ಮ ಹಾನಗಲ್ಲಾಗ ಹಂಗ ಮಾಡಿದ್ರ ಓಣಿಗೆ ಓಣೀನ ಬಾಗಲಿಗೆ ಬರತದ."

ಬಕೆಟ್ ಇಟ್ಟುಕೊಳ್ಳುತ್ತೇನೆ, ಬೆಳಿಗ್ಗೆ ಅದೇ ನೀರು ಕಾಸುತ್ತೇನೆ ಎಂದು ಮಗಳು ಸಮಾಧಾನ ಹೇಳಿದಳು.

ಆಮೇಲೆ ಬಟ್ಟೆಯ ಅಗಲದ ಮಾತು ಬಂತು. ಅಕ್ಕೋರು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು. ಪೈಪಿನ ವ್ಯಾಸ ಇಷ್ಟು, ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದರೆ ಪರಿಧಿ ಇಷ್ಟು, ಎರಡು ಸುತ್ತಿಗೆ ಅದರ ಎರಡರಷ್ಟು.

"ಅಕ್ಕೋರ," ಎಂದೆ. "ಅದು ಪೈಪಿನ ಸುತ್ತಳತಿ ಆತ್ರಿ. ಕಂಬಳಿ ದಪ್ಪ ಹಿಡೀಲಿಲ್ಲರಿ ನೀವು. ಎರಡನೇ ಸುತ್ತು ಪೈಪಿನ ಮ್ಯಾಲ ಬರೂದಿಲ್ಲ, ಮದಲನೇ ಸುತ್ತಿನ ಮ್ಯಾಲ ಬರತೈತಿ. ಅದಕ ಜಾಸ್ತಿ ಅರಿವಿ ಬೇಕು. ಹೊಲಿಗಿ ಮಡಿಕಿಗೊಂದಿಷ್ಟು ಬ್ಯಾರೇ."

ಅವರು ತಮ್ಮ ಲೆಕ್ಕವನ್ನು ಮತ್ತೊಮ್ಮೆ ನೋಡಿದರು. ನಂತರ ಅದರ ಪಕ್ಕದಲ್ಲಿ ತಾವೇ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸೀಸವನ್ನು ನನ್ನ ಕೈಗೆ ಕೊಟ್ಟರು. ನಾನು ಲೆಕ್ಕ ಮಾಡಲಿಲ್ಲ. ಚೀಲದಿಂದ ದಾರ ತೆಗೆದು, ಅಪ್ಪನ ಕಂಬಳಿಯ ತುಂಡನ್ನು ಪೈಪಿಗೆ ಸುತ್ತಿ, ಅಳೆದು ತೋರಿಸಿದೆ. ಅವಲಕ್ಕಿ ಆ ದಿನ ಬಹಳ ರುಚಿಯಾಗಿತ್ತು.

ಇಪ್ಪತ್ತಾರು ಫೂಟಿಗೆ ಅಪ್ಪನ ಕಂಬಳಿ ಸಾಲುತ್ತಿರಲಿಲ್ಲ. ಹಿರೇಕೆರೂರಿನ ಸಂತೆಯ ದಿನ ಹೋದೆ. ಗೋವಿನಜೋಳ ಬರುತ್ತಿದ್ದ ಕಾಲ, ದಾರಿಯುದ್ದಕ್ಕೂ ರಸ್ತೆಯ ಒಂದು ಬದಿಗೆ ತೆನೆ ಬಿಡಿಸಿದ ಕಾಳು ಒಣಹಾಕಿದ್ದರು, ಬಸ್ಸು ಅದನ್ನು ತಪ್ಪಿಸಿ ತಪ್ಪಿಸಿ ಹೋಗುತ್ತಿತ್ತು. ಸಂತೆಯ ಒಂದು ಮೂಲೆಯಲ್ಲಿ ಕಂಬಳಿ ಮಾರುವ ಮುದುಕಿಯೊಬ್ಬಳು ಕೂತಿದ್ದಳು. ಮಾಸೂರಿನ ಆಚೆಯ ಹಳ್ಳಿಯವಳಂತೆ. ಮನೆಯವರೇ ನೇಯ್ದದ್ದು. ನಾನು ಮೂರು ಆರಿಸಿದೆ.

"ಮೂರು ಯಾಕ? ಮನ್ಯಾಗ ಭಾಳ ಮಂದಿ ಏನು?"

"ಮಂದಿಗಲ್ಲಬೇ. ನೀರಿನ ಪೈಪಿಗೆ ಸುತ್ತಾಕ. ಕತ್ತರಿಸಿ ಹೊಲಿಬೇಕು."

ಮುದುಕಿ ನನ್ನ ಕೈಯಿಂದ ಕಂಬಳಿಗಳನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಮಡಚಿ ಇಟ್ಟಳು. "ಪೈಪಿಗೆ ನಾ ಕೊಡಂಗಿಲ್ಲ. ನೂಲೂದು, ನೇಯೂದು, ಗಂಜಿ ಕುಡಿಸೂದು ಎಷ್ಟು ದಿನ ಹಿಡಿತೈತಿ ಗೊತ್ತೈತೇನು? ಮೈಗೆ ಹೊದ್ಯಾಕ ಕೇಳು, ಕೊಡ್ತೇನಿ."

ಸಿಟ್ಟು ಬರಲಿಲ್ಲ. ಹೊಸ ಗಾದಿಯನ್ನು ಯಾರಾದರೂ ಹಿಟ್ಟಿನ ಗಿರಣಿಯ ಕೆಳಗೆ ಹಾಸುತ್ತೇನೆಂದರೆ ಅವ್ವನೂ ಹೀಗೇ ಹೇಳುತ್ತಿದ್ದಳು. ಅವಳ ಪಕ್ಕದಲ್ಲೇ ಕೂತು ಡಾಕ್ಟರ ಮಾತು ಹೇಳಿದೆ. ಮಂಜಿನ ಮೆಟ್ಟಿಲು, ಕೊಡ, ತೊಯ್ದ ಹಾಸಿಗೆ. ಆಕೆ ಎಲ್ಲ ಕೇಳಿ, ಆ ಡಾಕ್ಟರಿಗೆ ಮಕ್ಕಳೆಷ್ಟು ಎಂದು ಕೇಳಿದಳು. ಇನ್ನೂ ಮದುವೆಯಾಗಿಲ್ಲ ಎಂದೆ. ಮಡಚಿಟ್ಟ ಕಂಬಳಿಯ ಅಂಚನ್ನು ಬೆರಳಿನಿಂದ ಸವರಿದಳು.

"ಹೊಸಾದು ಒಯ್ಯಬ್ಯಾಡ," ಎಂದಳು ಕೊನೆಗೆ. "ಹೊಸ ಕಂಬಳಿ ಸಡ್ಲ ಇರತೈತಿ, ಗಾಳಿ ಆಡತೈತಿ. ಹತ್ತು ಮಳಿಗಾಲ ಕಂಡದ್ದು ಆದ್ರ ಬಿಗೀ ಆಗಿರತೈತಿ. ಅದ ಬೇಕು ನಿನಗ." ಹೀಗೆಂದವಳು ಎದ್ದು ನಿಂತು, ತಾನು ಕೂತಿದ್ದ ಕಂಬಳಿಯನ್ನೇ ಕೊಡವಿ ಕೊಟ್ಟಳು. ಅಕ್ಕಪಕ್ಕದ ಮಾರುವವರನ್ನೂ ಎಬ್ಬಿಸಿ, ಅವರು ಕೂತಿದ್ದ ಎರಡು ಹಳೆಯ ಕಂಬಳಿ ಕೊಡಿಸಿದಳು. ಮೂವರೂ ಆ ದಿನ ಖಾಲಿ ಚೀಲದ ಮೇಲೆ ಕೂತು ವ್ಯಾಪಾರ ಮಾಡಿದರು. ಗೋವಿನಜೋಳ ಮುಚ್ಚುವ ತಾಡಪತ್ರಿಯ ಅಂಗಡಿ ಎದುರಿಗೇ ಇತ್ತು. ನೀರು ಒಳಗೆ ಇಳಿಯದಂತೆ ಕಂಬಳಿಯ ಮೇಲೆ ಪಟ್ಟಿ ಪಟ್ಟಿ ಕತ್ತರಿಸಿ ಹೊದಿಸಲು ಅಲ್ಲಿಂದ ಅಗಲದ ತಾಡಪತ್ರಿ ಆರು ಫೂಟು ಕೊಯ್ಯಿಸಿಕೊಂಡೆ.

ಕಂಬಳಿಗಳನ್ನು ಬಿಸಿನೀರಲ್ಲಿ ಒಗೆದು ಒಣಗಿಸಿ ಹೊಲಿಯಲು ಕುಳಿತೆವು. ನೇರ ತುಂಡುಗಳು ಸುಲಭ. ಮೊಣಕೈಗಳು ನಮ್ಮನ್ನು ಅಳಿಸಿದವು. ಕಂಬಳಿ ಬಾಗಿದಲ್ಲಿ ಒಳಬದಿಗೆ ಗುಡ್ಡೆಯಾಗುತ್ತದೆ, ಹೊರಬದಿಗೆ ಬಾಯಿ ಬಿಡುತ್ತದೆ. ಮೂರು ಸಲ ಬಿಚ್ಚಿದೆ. ಆಮೇಲೆ ಅವ್ವ ನನ್ನ ಮಗಳ ಹಳೆಯ ಜಂಪರು ತಂದು ತೋಳಿನ ಹೊಲಿಗೆ ಬಿಚ್ಚಿ ನೆಲದ ಮೇಲೆ ಹರಡಿದಳು. ಮಡಚಿದ ಕೈಗೆ ಬಟ್ಟೆಯನ್ನು ಎಲ್ಲಿ ಕಳೆಯಬೇಕು, ಎಲ್ಲಿ ಕೂಡಿಸಬೇಕು ಎಂದು ಅದರ ಮೇಲೆ ಬೆರಳಿಟ್ಟು ತೋರಿಸಿದಳು. ಒಳಬದಿಗೆ ಮೂರು ಸಣ್ಣ ತ್ರಿಕೋನ ಕತ್ತರಿಸಿ ತೆಗೆದು ಅಂಚು ಸೇರಿಸಿದೆವು. ಕೂತಿತು. ನಮ್ಮ ಯಂತ್ರದ ಎರಡು ಸೂಜಿ ಮುರಿದವು, ಮಿಕ್ಕದ್ದನ್ನು ದಬ್ಬಳದಲ್ಲಿ ಕೈಯಿಂದ ಹೊಲಿದೆವು. ಮದುವೆ ಸುಗ್ಗಿ ಇನ್ನೂ ಶುರುವಾಗಿರಲಿಲ್ಲ. ಮಧ್ಯಾಹ್ನದ ಬಿಸಿಲು ಹಿತ್ತಲಿಗೆ ಬೀಳುತ್ತಿತ್ತು. ಅವ್ವ ಮತ್ತು ನಾನು ಒಂದೇ ಉದ್ದನೆಯ ತುಂಡಿನ ಎರಡು ತುದಿ ಹಿಡಿದು ಹೊಲಿಯುತ್ತ ನಡುವಿಗೆ ಬರುತ್ತಿದ್ದೆವು. ಅಷ್ಟು ನೆಮ್ಮದಿಯಿಂದ ನಾವಿಬ್ಬರೂ ಕೆಲಸ ಮಾಡಿ ಬಹಳ ದಿನವಾಗಿತ್ತು.

ಕಳಿಸುವ ಮೊದಲು ಒಮ್ಮೆ ತೊಡಿಸಿ ನೋಡೋಣವೆಂದು ಅಕ್ಕೋರು ಹಾನಗಲ್ಲಿಗೆ ಕರೆದರು. ಅವರ ಹಿತ್ತಲ ಗೋಡೆಯ ಪೈಪಿಗೂ ಎರಡು ಮೊಣಕೈಗಳಿದ್ದವು. ಯಜಮಾನರು ನಿಚ್ಚಣಿಕೆ ಹಿಡಿದರು, ನಾನು ಮೇಲೇರಿ ತೊಡಿಸಿದೆ. ಹೊರಗೆ ಬೆವರು ಬರುವಷ್ಟು ಬಿಸಿಲು, ಪೈಪಿಗೆ ಕಂಬಳಿ. ಪಕ್ಕದ ಮನೆಯವರು ಮಾಳಿಗೆಯಿಂದ ಇಣುಕಿ ಏನಾಯಿತೆಂದು ಕೇಳಿದರು.

"ಪೈಪಿಗೆ ಜ್ವರ ಬಂದಾವ," ಎಂದರು ಯಜಮಾನರು.

ಒಂದು ತುಂಡು ಕಡಿಮೆ ಬಿತ್ತು. ನಕಾಶೆಗೆ ಹೋಲಿಸಿ ನೋಡಿದಾಗ ತಿಳಿಯಿತು, ಮಗಳ ಮನೆಯ ಟಾಕಿಯ ಕೆಳಗಿನ ಮೊಣಕೈ ನಾನು ತಿಳಿದದ್ದಕ್ಕಿಂತ ದಪ್ಪ. ಅಕ್ಕೋರು ಒಳಗೆ ಹೋಗಿ ಟ್ರಂಕಿನಿಂದ ಕೆಂಪಂಚಿನ ಉಣ್ಣೆಯ ಸೀರೆಯಂಥದ್ದೊಂದು ತಂದರು. ಅವರ ಅತ್ತೆ ಮಡಿಗೆ ಉಡುತ್ತಿದ್ದ ದಾಬಳಿ. ಒಂದೆರಡು ಕಡೆ ನುಸಿ ತಿಂದಿತ್ತು.

"ಇದನ್ನ ಹರಿ."

ನಾನು ಕತ್ತರಿ ಕೆಳಗಿಟ್ಟೆ. "ಇದು ದೇವರ ಪೂಜಿಗೆ ಉಟ್ಟದ್ದಲ್ಲರಿ? ನಾನು ಕತ್ತರಿ ಹಾಕೂದು..."

"ನಮ್ಮತ್ತಿಯವರು ಮಡಿನೀರು ತುಂಬಿಡದ ಒಂದು ದಿವಸ ಬಿಟ್ಟವರಲ್ಲ. ನೀರು ಕಾಯೋ ಕೆಲಸಕ್ಕ ಹೋಗತದ ಅಂದ್ರ ಬ್ಯಾಡ ಅಂತಿದ್ದಿಲ್ಲ. ಹರಿ ನೀ."

ಹರಿದೆ. ಉಣ್ಣೆ ಮೆತ್ತಗೆ, ಬಹಳ ಒಳ್ಳೆಯ ನೂಲಿನದು. ಅಲ್ಲೇ ಅವರ ಪಡಸಾಲೆಯಲ್ಲಿ ಕುಳಿತು ಹೊಲಿದು ಮುಗಿಸಿದೆ. ಅಕ್ಕೋರು ಎದುರಿಗೆ ಕುಳಿತು ಒಂದೊಂದು ತುಂಡಿಗೂ ನಕಾಶೆಯ ಅಂಕಿಯನ್ನು ಕೆಂಪು ದಾರದಲ್ಲಿ ಹಾಕಿದರು. ದೀಪಾವಳಿಗೆ ಮೊದಲು ಪಾರ್ಸೆಲ್ಲು ಹೋಯಿತು.

ಆಮೇಲೆ ಮದುವೆಗಳು ಬಂದವು. ಗಾದಿ, ದಿಂಬು, ಲೋಡು, ನಮಗೆ ಉಸಿರಾಡಲು ಹೊತ್ತಿಲ್ಲ. ಆದರೂ ಬೆಳಿಗ್ಗೆ ಎದ್ದು ನಳದ ನೀರು ಕೈಗೆ ತಾಗಿ ಚುರುಕ್ಕೆಂದಾಗಲೆಲ್ಲ ಅಲ್ಲಿ ಏನಾಯಿತೋ ಎಂದು ಅನ್ನಿಸುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅಕ್ಕೋರು ಫೋನು ಮಾಡಿದರು. ಮೂರು ದಿನ ಮಂಜು ಬಿದ್ದಿದೆ, ಓಣಿಯ ಅರ್ಧ ಮನೆಗಳಲ್ಲಿ ನೀರಿಲ್ಲ, ಮಗಳ ಮನೆಯಲ್ಲಿ ಬರುತ್ತಿದೆ. ಸಂಜೆ ವಾಲ್ವು ತಿರುವಿ ಖಾಲಿ ಮಾಡುತ್ತಾಳೆ, ಬೆಳಿಗ್ಗೆ ತುಂಬಿಸುತ್ತಾಳೆ. ಪಕ್ಕದ ಮನೆಯವರು ಅವಳಲ್ಲಿಗೆ ಕೊಡ ಹಿಡಿದು ಬರುತ್ತಾರಂತೆ.

ನಾನು ಫೋನು ಇಟ್ಟು ಅವ್ವನಿಗೆ ಹೇಳಿದೆ. ಅವ್ವ ಹೂಂ ಎಂದು ದಿಂಬಿಗೆ ಹತ್ತಿ ತುಂಬುವುದನ್ನು ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋದಳು, ಬರುವಾಗ ಕುಲ್ಫಿ ಚಾಚಾನ ಗಾಡಿಯಿಂದ ಬಿಸಿ ಶೇಂಗಾ ತಂದಿದ್ದಳು. ಚಾಚಾನಿಗೂ ಸುದ್ದಿ ಮುಟ್ಟಿತ್ತು.

ಮುಂದಿನ ವಾರ ಮತ್ತೆ ಅಕ್ಕೋರ ಫೋನು. ಈ ಸಲ ದನಿ ಸಣ್ಣಗಿತ್ತು. ಬಚ್ಚಲುಮನೆಯ ಹಿಂದೆ ಒಂದು ಕಡೆ ನೀರು ಗಟ್ಟಿಯಾಗಿ ನಿಂತುಬಿಟ್ಟಿತ್ತು. ಹೋಗಿ ನೋಡಿದರೆ ಅಲ್ಲಿ ತಗ್ಗಿನಲ್ಲೊಂದು ಮೊಣಕೈ, ಪೈಪು ಖಾಲಿ ಮಾಡಿದ ಮೇಲೂ ಅದರಲ್ಲಿ ನೀರು ಉಳಿಯುತ್ತದೆ, ಅದಕ್ಕೆ ಅಂಗಿಯಿಲ್ಲ.

"ನನ್ನ ನಕಾಶೆದಾಗ ಅದು ಇಲ್ಲವಾ. ಕಟ್ಟಿಗಿ ಒಟ್ಟಿದ್ದರ ಹಿಂದ ಇತ್ತಂತ. ನಾ ನೋಡೇ ಇಲ್ಲ. ಏಳಲ್ಲ, ಎಂಟು."

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಅಕ್ಕೋರೂ ಎಣಿಸುವಾಗ ತಪ್ಪುತ್ತಾರೆ. ಆದರೆ ಮರುಕ್ಷಣ ಭಯವೂ ಆಯಿತು. "ಒಡೀತೇನ್ರಿ?" ಎಂದೆ.

ಒಡೆದಿರಲಿಲ್ಲ. ಮಗಳು ಆತುರಪಟ್ಟಿರಲಿಲ್ಲ. ಕುದಿಯುವ ನೀರು ಸುರಿಯಬೇಡ, ಪೈಪು ತಡೆಯುವುದಿಲ್ಲ ಎಂದು ಮನೆಯೊಡತಿ ಹೇಳಿದ್ದಳು. ಮೊದಲು ನಳ ತೆರೆದಿಟ್ಟು, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ನಳದ ತುದಿಯಿಂದ ಸುತ್ತುತ್ತ ಮೊಣಕೈಯ ಕಡೆಗೆ ಸರಿಯುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಮೊದಲು ಕೊರಕೊರ ಸದ್ದು, ಆಮೇಲೆ ಮಂಜಿನ ಚೂರು, ಆಮೇಲೆ ನೀರು. ನಾನು ಅದೇ ಸಂಜೆ ಉಳಿದ ಕಂಬಳಿಯಲ್ಲಿ ಎಂಟನೆಯ ಮೊಣಕೈ ಹೊಲಿದು ಮರುದಿನವೇ ಅಂಚೆಗೆ ಹಾಕಿದೆ.

ಬೇಸಿಗೆಯಲ್ಲಿ ಮಗಳು ರಜೆಗೆ ಬಂದವಳು ತಾಯಿಯೊಂದಿಗೆ ಸವಣೂರಿಗೆ ಬಂದಳು. ತೆಳ್ಳಗಿನ, ಹೆಚ್ಚು ಮಾತಿಲ್ಲದ ಹುಡುಗಿ. ಅವ್ವನ ಪಕ್ಕ ನೆಲದ ಮೇಲೆಯೇ ಕೂತಳು. ಎರಡು ಕೈಗಳನ್ನೂ ಮುಂದೆ ಚಾಚಿ ತೋರಿಸಿದಳು.

"ಹೋದ ವರ್ಷ ಚಳಿಗೆ ಇಲ್ಲೆಲ್ಲ ಸೀಳಿ ರಕ್ತ ಬರತಿತ್ತು. ಕೊಡ ಹಿಡದು, ಹಿಡದು. ಸೂಜಿ ಹಿಡೀಲಿಕ್ಕೂ ಆಗತಿದ್ದಿಲ್ಲ. ಈ ವರ್ಷ ನೋಡ್ರಿ."

ಅವ್ವ ಆ ಕೈಗಳನ್ನು ಹಿಡಿದುಕೊಂಡು ತಿರುಗಿಸಿ ನೋಡಿದಳು. "ಚಲೋ ಅದಾವ," ಎಂದಳು. ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆಯೊಡತಿ ನಮಗೆಂದು ಒಣಗಿಸಿದ ಜರ್ದಾಳು ಹಣ್ಣು ಕಳಿಸಿದ್ದಳು. ಅಲ್ಲಿಯ ಏಳೆಂಟು ಮನೆಯವರು ತಮ್ಮ ಪೈಪಿಗೂ ಅಂಗಿ ಬೇಕೆನ್ನುತ್ತಿದ್ದಾರೆ ಎಂದಳು ಮಗಳು. ನಾನು ಮನಸ್ಸಿನಲ್ಲೇ ಕಂಬಳಿ ಎಣಿಸತೊಡಗಿದೆ. ಅವ್ವ ಕೇಳಿದಳು, "ಯವ್ವಾ, ಅಲ್ಲೆ ಕುರಿ ಇಲ್ಲೇನು?"

"ಬೇಕಾದಷ್ಟು ಅವ."

"ಮತ್ತ ಹಿರೇಕೆರೂರ ಉಣ್ಣಿ ಅಷ್ಟು ದೂರ ಯಾಕ ಹೋಗಬೇಕು? ಅವರ ಉಣ್ಣಿ ಅವರ ಹೊಲೀಲಿ. ಕತ್ತರಿಸೂದು ಹೆಂಗಂತ ಇಕಿ ಬರದು ಕೊಡತಾಳ."

ನಾನು ಹಳೆಯ ಪೇಪರಿನಲ್ಲಿ ನೇರ ತುಂಡಿನದೊಂದು, ಮೊಣಕೈಯದೊಂದು ಮಾದರಿ ಕತ್ತರಿಸಿದೆ. ಎಲ್ಲಿ ತ್ರಿಕೋನ ತೆಗೆಯಬೇಕು, ಎಲ್ಲಿ ಮಡಿಕೆ ಬಿಡಬೇಕು ಎಂದು ಗೆರೆ ಹಾಕಿದೆ. ಅಕ್ಕೋರು ಅದರ ಮೇಲೆ ಹಿಂದಿಯಲ್ಲಿ ಬರೆದರು. ದಪ್ಪ ಕಂಬಳಿಯಾದರೆ ಅಗಲ ಹೆಚ್ಚು ಹಿಡಿಯಬೇಕು ಎಂದು ನಾನು ಹೇಳುವ ಮೊದಲೇ ಬರೆದಿದ್ದರು.

ಹೋದ ತಿಂಗಳು ಆ ಮನೆಯೊಡತಿಯಿಂದ ಅಕ್ಕೋರ ಫೋನಿಗೆ ಒಂದು ಫೋಟೋ ಬಂತು, ಅಲ್ಲಿಂದ ನನ್ನ ಫೋನಿಗೆ. ಕಲ್ಲಿನ ಗೋಡೆ, ಅದರ ಗುಂಟ ಏರಿ ಹೋಗುವ ಪೈಪು, ಅದಕ್ಕೆ ಬೂದುಬಣ್ಣದ ದಪ್ಪ ಉಣ್ಣೆಯ ಅಂಗಿ. ಅಂಚಿಗೆಲ್ಲ ಕೆಂಪು ಹಸಿರು ದಾರದಲ್ಲಿ ಹೂವು ಹೊಲಿದಿದ್ದಾಳೆ. ಅವ್ವ ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿಸಿ, ಒಂದೊಂದು ಮೊಣಕೈಯ ಹೊಲಿಗೆಯನ್ನೂ ಬೆರಳಿನಿಂದ ಸರಿಸಿ ಸರಿಸಿ ನೋಡಿದಳು.

"ಪೈಪಿಗೆ ಹೂವು ಯಾಕಬೇ?" ಎಂದೆ.

"ಆಕಿ ದಿನಾ ನೋಡೂದಲ್ಲ ಅದು," ಎಂದಳು ಅವ್ವ. ಫೋನು ನನ್ನ ಕೈಗೆ ಕೊಟ್ಟು, ಬಂಕಾಪುರದವರ ಗಾದಿಯ ಟಾಕು ಅರ್ಧಕ್ಕೆ ನಿಂತಿದೆ, ಸಂಜೆಗೆ ಒಯ್ಯಲು ಬರುತ್ತಾರೆ, ಎದ್ದೇಳು ಎಂದಳು.